ಭಾನುವಾರ ದುಡಿದವಳ ಪಾಲು

ನನ್ನ ಸೇವೆಯ ಬಹುಪಾಲು ಕಳೆದದ್ದು ನಡುಗಾಲದಲ್ಲಿ. ಒಬ್ಬ ಪಾದ್ರಿ ಹೋಗಿ ಇನ್ನೊಬ್ಬ ಬರುವವರೆಗಿನ ನಾಲ್ಕಾರು ತಿಂಗಳು ಆ ಊರಿನ ಕ್ರೈಸ್ತ ಸಭೆ ನೋಡಿಕೊಳ್ಳಲು ನನ್ನನ್ನು ಕಳಿಸುತ್ತಿದ್ದರು. ಸೇಡಂ, ಚಿತ್ತಾಪುರ, ಶಹಾಬಾದ, ಚಿಂಚೋಳಿ, ಎಲ್ಲ ಕಡೆಯೂ ಅದೇ ಪಾಡು. ‘ಏನೂ ಬದಲಿಸಬೇಡಿ, ಜಗಳ ತಣ್ಣಗಾದರೆ ಸಾಕು’ ಎಂಬುದು ಮೇಲಿನವರ ಕಟ್ಟಪ್ಪಣೆ. ಈ ಕೆಲಸಕ್ಕೆ ಬಾಯಿಗೆ ಬೀಗ ಹಾಕಿಕೊಳ್ಳುವವನು ಬೇಕಿತ್ತು. ಆ ಗುಣ ನನಗೆ ಹುಟ್ಟಿನಿಂದಲೇ ಇಲ್ಲ.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿ ಒಂದೆರಡು ವರ್ಷ ಕಳೆದಿರಬೇಕು, ವಾಡಿಗೆ ಹೋದೆ. ಅಲ್ಲಿಯ ಸಭೆಯಲ್ಲಿ ರೈಲ್ವೆ ಕ್ವಾರ್ಟರ್ಸಿನವರದು ಒಂದು ಪಕ್ಷ, ಸಿಮೆಂಟ್ ಕಾರ್ಖಾನೆಯವರದು ಇನ್ನೊಂದು. ಮುಂದಿನ ಪಾದ್ರಿ ತಮ್ಮ ಮನುಷ್ಯನೇ ಆಗಬೇಕೆಂದು ಇಬ್ಬರಿಗೂ ಹಟ. ಬಂದ ಪಾದ್ರಿ ಮೊದಲ ದಿನ ಯಾರ ಮನೆಯಲ್ಲಿ ಉಣ್ಣುತ್ತಾನೋ ಅವರ ಕಡೆಯವನು ಎಂಬ ಮಾತು ಬೇರೆ. ನಾನು ರೈಲಿಳಿದಾಗ ಎರಡೂ ಕಡೆಯ ಹಿರಿಯರು ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದರು. ಎರಡೂ ಮನೆಗಳಲ್ಲಿ ಕೋಳಿ ಬೆಂದಿತ್ತು.

“ಕರ್ತನ ಭೋಜನಕ್ಕ ಬರದವ್ರ ಮನಿ ಯಾವುದರ ಅದ ಏನ್ರಿ? ನಾ ಅಲ್ಲೇ ಉಣ್ತೀನಿ” ಎಂದೆ. ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿ ಪ್ರಭುವಿನ ಮರಣವನ್ನು ನೆನೆಯುವುದಕ್ಕೆ ನಾವು ಹಾಗೆನ್ನುತ್ತೇವೆ.

ರೈಲ್ವೆ ಹಿರಿಯರು ಸಿಮೆಂಟ್ ಹಿರಿಯರ ಮುಖ ನೋಡಿದರು. “ರಾವೂರದಾಗ ಒಬ್ಬಾಕಿ ಅದಾಳ್ರಿ. ಕಲ್ಲಿನ ಖಣ್ಯಾಗ ದುಡೀತಾಳ. ಆಕೀ ಹೆಸರು ಸಭೆಯಿಂದ ತೆಗದೀವ್ರಿ.”

“ಯಾಕ್ರಿ?”

“ಐತಾರ ಕೆಲಸಕ್ಕ ಹೋಗ್ತಾಳ್ರಿ. ಭಾಳ ಸಲ ಹೇಳಿದ್ವಿ, ಕೇಳಲಿಲ್ಲ.”

ಭಾನುವಾರ ದೇವರ ದಿನ, ದುಡಿಯಬಾರದೆಂಬುದು ಸಭೆಯ ಕಟ್ಟಳೆ. ಆದರೆ ಖಣಿಗೆ ರಜೆ ಸಂತೆಯ ದಿನ, ಭಾನುವಾರವಲ್ಲ. ಹೀಗೆ ಹೇಳಿದವರು ಗೂಡ್ಸ್ ಗಾಡಿಯ ಗಾರ್ಡ್. ಪಾಳಿ ಬಿದ್ದರೆ ಭಾನುವಾರವೂ ಹಸಿರು ಬಾವುಟ ತೋರಿಸುವವರು. ಪಕ್ಕದವರ ಕಾರ್ಖಾನೆಯಂತೂ ಭಾನುವಾರ ನಿಂತದ್ದೇ ಇಲ್ಲ. ಅವರದು ಡ್ಯೂಟಿ, ಆಕೆಯದು ಪಾಪ! ನನಗೆ ಮೈಯೆಲ್ಲ ಉರಿಯಿತು. ಚೀಲ ಹೆಗಲಿಗೇರಿಸಿ ರಾವೂರಿನ ದಾರಿ ಹಿಡಿದೆ.

ಗಂಡ ಸತ್ತ ಮೇಲೆ ಒಬ್ಬಳೇ ದುಡಿದು ಬದುಕುತ್ತಿದ್ದ, ನಡುವಯಸ್ಸು ದಾಟಿದ ಹೆಂಗಸು ಆಕೆ. ನನ್ನನ್ನು ಕಂಡು ಗಾಬರಿಯಾದಳು. ಜೋಳದ ರೊಟ್ಟಿ, ಪುಂಡಿಪಲ್ಲೆ ಬಡಿಸಿ ಗೋಡೆಗೆ ಒರಗಿ ನಿಂತಳು.

“ಕರ್ತನ ಭೋಜನ ತಗೊಂಡು ಆರು ವರ್ಷ ಆತ್ರಿ ಅಯ್ಯಾರ. ಸಾಯೂದ್ರಾಗ ಒಮ್ಮಿ ಸಿಕ್ಕೀತೇನ್ರಿ? ಹೊಸಬ್ರು ಬಂದ್ರ ಅವ್ರೂ ಹಿರಿಯಾರ ಮಾತೇ ಕೇಳ್ತಾರ.”

ಅದು ನಿಜ. ಆಕೆಗೆ ಉಳಿದದ್ದು ನನ್ನ ನಾಲ್ಕು ತಿಂಗಳು ಮಾತ್ರ.

ಮೂರು ತಿಂಗಳು ಹಿರಿಯರೊಡನೆ ವಾದಿಸಿದೆ. ಬೇಡಿದೆ, ಗದರಿದೆ. ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಕೊನೆಗೊಂದು ಭಾನುವಾರ ಬೆಳಿಗ್ಗೆ ಆರಾಧನೆಯಲ್ಲೇ ಹೇಳಿಬಿಟ್ಟೆ: “ಇವತ್ತ ಕರ್ತನ ಭೋಜನ ಸಂಜಿಗಿ, ಖಣಿ ಬಿಟ್ಟ ಮ್ಯಾಲ.” ರಾವೂರಿಗೂ ಹೇಳಿ ಕಳಿಸಿದೆ.

ಸಂಜೆ ಹೋದರೆ ಚರ್ಚಿಗೆ ಬೀಗ. ಬಾಗಿಲ ಕೀಲಿ ಸಿಮೆಂಟ್ ಪಕ್ಷದವರ ಬಳಿ, ದ್ರಾಕ್ಷಾರಸದ ಬಟ್ಟಲಿಟ್ಟ ಕಪಾಟಿನ ಕೀಲಿ ರೈಲ್ವೆ ಪಕ್ಷದವರ ಬಳಿ. ಮಾತು ಬಿಟ್ಟು ವರ್ಷಗಳಾಗಿದ್ದ ಆ ಮಹನೀಯರು ಅಂದು ರಸ್ತೆಯಾಚೆ ಹೆಗಲಿಗೆ ಹೆಗಲು ಹಚ್ಚಿ ನಿಂತಿದ್ದರು. ಹಾಳಾಗಿ ಹೋಗಲಿ ಎಂದುಕೊಂಡೆ. ನೆನೆಸಿಟ್ಟ ಒಣದ್ರಾಕ್ಷಿಯ ರಸ ನನ್ನ ಚೀಲದಲ್ಲೇ ಇತ್ತು. ಸ್ಟೇಷನ್ನಿನ ಚಹಾದಂಗಡಿಯಿಂದ ಬ್ರೆಡ್ಡೂ ಒಂದು ಸ್ಟೀಲ್ ಗ್ಲಾಸೂ ತಂದೆ.

ಆಕೆ ಸೀರೆಯ ಮೇಲಿನ ಕಲ್ಲುಪುಡಿ ಕೊಡವಿಕೊಳ್ಳುತ್ತ ಬಂದಳು. ಬೀಗ ನೋಡಿದಳು, ರಸ್ತೆಯಾಚೆಯವರನ್ನು ನೋಡಿದಳು, ಹಿಂದೆ ಸರಿದಳು.

“ನನ್ನ ಸಲುವಾಗಿ ನಿಮಗ್ಯಾಕ್ರಿ ಈ ಉಸಾಬರಿ?”

“ಸುಮ್ಮ ಕುಂದ್ರವ್ವಾ” ಎಂದೆ.

ಚರ್ಚಿನ ಮೆಟ್ಟಿಲ ಮೇಲೆ ಮೊಣಕಾಲೂರಿದಳು. ಬಿರುಕುಬಿಟ್ಟ ಅಂಗೈಯಲ್ಲಿ ಬ್ರೆಡ್ಡಿನ ತುಣುಕು ಇಟ್ಟೆ, ಗ್ಲಾಸು ತುಟಿಗೆ ಹಿಡಿದೆ. ಆಕೆ ಅಳಲಿಲ್ಲ. ಕೊನೆಯ ಹನಿಯವರೆಗೂ ಕುಡಿದು, ಸೆರಗಿನಿಂದ ಗ್ಲಾಸು ಒರೆಸಿ ನನ್ನ ಕೈಗೆ ಕೊಟ್ಟಳು.

ಮರುವಾರ ಎರಡೂ ಪಕ್ಷದವರು ನನ್ನ ಮೇಲೆ ಒಂದೇ ಅರ್ಜಿ ಬರೆದು ಕಳಿಸಿದರು. ನನ್ನನ್ನು ಊರೂರಿಗೆ ಕಳಿಸುತ್ತಿದ್ದ ಸಭೆಗಳ ಮೇಲ್ವಿಚಾರಕರು ಕರೆಸಿ ಬಿಳಿ ಹಾಳೆ ಮುಂದೆ ತಳ್ಳಿದರು. “ತಪ್ಪಾತು ಅಂತ ಒಂದ್ ಮಾತು ಬರದು ಕೊಡ್ರಿ, ಇಲ್ಲಿಗೇ ಮುಗಸೋಣು” ಎಂದರು.

ಬರೆದುಕೊಟ್ಟೆ: ‘ನಾನು ಕೊಟ್ಟೆ, ಆಕೆ ತಿಂದಳು. ಅದು ತಪ್ಪಾಗಿದ್ದರೆ ಹಿರಿಯರಲ್ಲಿ ಯಾರಾದರೂ ರಾವೂರಿಗೆ ಹೋಗಿ, ಆಕೆಯ ಹೊಟ್ಟೆಯೊಳಗಿಂದ ಅದನ್ನು ವಾಪಸು ತೆಗೆದುಕೊಂಡು ಬರಲಿ.’