ಕೋಚ್ ಎಸೆದ ಕೊನೆಯ ಚೆಂಡು

ಕಳೆದ ವಾರ ಹೆಂಡತಿ ನನ್ನ ಮೊಣಕಾಲಿಗೆಂದು ಮಹಾನಾರಾಯಣ ತೈಲ ಬಿಸಿಗಿಟ್ಟಳು. ಗಲ್ಫಿನ ರಿಗ್ಗೈ ಬಡಾವಣೆಯ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಒಂದು ವಾಸನೆ ಎದ್ದರೆ ಪರದೆ, ದಿಂಬು ಯಾವುದನ್ನೂ ಬಿಡುವುದಿಲ್ಲ. ಎದ್ದು ಹೋಗಿ ಕಿಟಕಿ ತೆರೆದೆ. ಹೊರಗೆ ಧೂಳು ಕವಿದಿತ್ತು, ಆದರೂ ತೆರೆದೆ. “ಎಂತ ಆಯ್ತು ನಿಮಗೆ?” ಎಂದಳು. ಎದುರು ಫ್ಲ್ಯಾಟಿನಲ್ಲಿದ್ದ ಕೋಚ್ ನೆನಪಾಗಿದ್ದರು.

ಅಮೆರಿಕದವರು. ಬೇಸ್‌ಬಾಲಿನಲ್ಲಿ ಪಿಚರ್, ಅಂದರೆ ನಮ್ಮ ಬೌಲರ್ ಇದ್ದ ಹಾಗೆ. ಹತ್ತು ವರ್ಷ ಸಣ್ಣ ಊರುಗಳ ತಂಡಗಳಲ್ಲಿ ಸಂಬಳಕ್ಕೆ ಆಡಿ, ಬಸ್ಸಿನಲ್ಲೇ ಮಲಗಿ ಎದ್ದು, ಕೊನೆಗೊಮ್ಮೆ ದೊಡ್ಡ ಲೀಗಿನಿಂದ ಕರೆ ಬಂದರೂ ಅಲ್ಲಿ ಉಳಿದದ್ದು ಒಂದೇ ಬೇಸಗೆ. ಭುಜ ಕೈಕೊಟ್ಟಿತು. ಎರಡು ಆಪರೇಷನ್ ಆದವು. ಆಟ ಬಿಟ್ಟು ಇಲ್ಲಿಗೆ ಬಂದು ಶಾಲೆಯೊಂದರಲ್ಲಿ ಮಕ್ಕಳಿಗೆ ಚೆಂಡೆಸೆಯುವುದನ್ನು ಕಲಿಸುತ್ತಿದ್ದರು. ಇನ್ನೊಮ್ಮೆ ಪೂರ್ತಿ ಬಲ ಹಾಕಿ ಎಸೆದರೆ ತೋಳು ಮೇಲೇಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ತೋಳು ಹೋದರೆ ಕೆಲಸ, ಕೆಲಸ ಹೋದರೆ ಇಕಾಮಾ, ಅಂದರೆ ಇಲ್ಲಿ ಇರುವ ಪರವಾನಗಿ. “ನೋವು ಇರುವ ತನಕ ಭಯವಿಲ್ಲ, ಎಲ್ಲಿ ನಿಲ್ಲಿಸಬೇಕೆಂದು ಅದೇ ಹೇಳುತ್ತದೆ” ಎನ್ನುತ್ತಿದ್ದರು. ನನಗದು ಹುಚ್ಚು ಮಾತಿನ ಹಾಗೆ ಕೇಳಿಸಿತ್ತು.

ಶುಕ್ರವಾರ ಬೆಳಿಗ್ಗೆ ನಮ್ಮ ಊರಿನವರ ಕ್ರಿಕೆಟ್ಟು. ನಾನು ಕ್ಯಾಪ್ಟನ್, ನಾನು ದುಡಿಯುವ ಶುವೈಖಿನ ಗೋಡೌನಿನಲ್ಲಿ ಯಾರೂ ಕಿವಿಗೊಡದ ನನ್ನ ಮಾತನ್ನು ಹತ್ತು ಜನ ಕೇಳುವ ಜಾಗ ಅದೊಂದೇ. ಕೋಚ್ ಆಟ ನೋಡಲು ಬಂದವರು ಬರಬರುತ್ತ ಫೀಲ್ಡಿಂಗಿಗೂ ನಿಲ್ಲತೊಡಗಿದರು. ಚೆಂಡು ಹಿಡಿದು ಎಡಗೈಯಲ್ಲಿ ಮೆಲ್ಲಗೆ ಎಸೆಯುತ್ತಿದ್ದರು. ಕ್ರಿಕೆಟ್ಟಿನ ಲೆಕ್ಕ ಮಾತ್ರ ಅವರ ತಲೆಗೆ ಹತ್ತಲೇ ಇಲ್ಲ.

ನಮ್ಮವರ ಚಾಳಿ ಗೊತ್ತಲ್ಲ, ಯಾರ ಮೈಯಲ್ಲಿ ನೋವೆಂದರೂ ಮದ್ದು ಹೇಳದೆ ಇರಲಾರೆವು. ತಂಡದ ಹುಡುಗರು ಉಣ್ಣುವ ಮೆಸ್ಸಿನ ಅಡುಗೆಯ ಅಣ್ಣ ಊರಿನಲ್ಲಿ ಉಳುಕು ತೆಗೆಯುತ್ತಿದ್ದವರು. ಅವರೇ ಒಂದು ದಿನ ಕೋಚ್ ಅವರ ಭುಜ ಒತ್ತಿ ನೋಡಿ, “ಎಂತ ಇಲ್ಲ ಮಾರಾಯ್ರೆ, ಬರೀ ಉಳುಕು. ಒಂದು ವಾರ ನನ್ನ ಕೈಗೆ ಬಿಡ್ಲಿಕ್ಕೆ ಹೇಳಿ ಅವರಿಗೆ” ಎಂದರು. ಹೇಳಿದ್ದು ನಾನು. ಒಪ್ಪಿಸಿದ್ದೂ ನಾನೇ. ನಮ್ಮ ಅಡುಗೆಮನೆಯಲ್ಲೇ ದಿನಾ ತೈಲ ಕಾಯಿತು.

ಏಳನೆಯ ದಿನ ಕೋಚ್ ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿ ತೋರಿಸಿದರು. ನೋವೇ ಇಲ್ಲ! ನಾವು ಚಪ್ಪಾಳೆ ತಟ್ಟಿದೆವು. ಅವರು ನಗಲಿಲ್ಲ. ಕೈಯನ್ನೇ ನೋಡುತ್ತ, “ಈಗ ಇದು ಏನೂ ಹೇಳುತ್ತಿಲ್ಲ” ಎಂದರು. ಆದರೂ ನಮ್ಮ ಟೂರ್ನಮೆಂಟಿನ ಫೈನಲ್ಲಿನ ದಿನ ಅವರನ್ನು ಬೌಂಡರಿಯಲ್ಲಿ ನಿಲ್ಲಿಸಿದೆ.

ಕೊನೆಯ ಚೆಂಡು. ಏಟು ತಿಂದು ಮರಳಿನ ಮೇಲೆ ಉರುಳುತ್ತ ಅವರ ಕಡೆಗೇ ಹೋಯಿತು. ಬ್ಯಾಟ್ಸ್‌ಮನ್‌ಗಳು ಓಡುತ್ತಿದ್ದರು. ಕೋಚ್ ಚೆಂಡು ಹಿಡಿದು ನನ್ನನ್ನು ನೋಡಿದರು, ಎಸೆಯಲೇ ಎಂದು ಕೇಳುವವರಂತೆ. “ಥ್ರೋ!” ಎಂದು ಗಂಟಲು ಹರಿಯುವಂತೆ ಕೂಗಿದೆ. ಬಲಗೈಯಿಂದ ಹೊರಟ ಚೆಂಡು ನೆಲ ಮುಟ್ಟದೆ ಬಂದು ಸ್ಟಂಪು ಹಾರಿಸಿತು. ನಮ್ಮವರು ಕುಣಿಯುತ್ತ ಓಡಿದರು. ಕೋಚ್ ನಿಂತಲ್ಲೇ ಕುಸಿದು ಕೂತಿದ್ದರು. ಕೈ ಪಕ್ಕದಲ್ಲಿ ಸುಮ್ಮನೆ ಬಿದ್ದಿತ್ತು...

ಅದು ಮತ್ತೆ ಮೇಲೇಳಲಿಲ್ಲ. ಆ ವರ್ಷಕ್ಕೇ ಶಾಲೆಯವರು ಖಲಾಸ್ ಅಂದರು. ಹೊರಡುವ ದಿನ ಅವರ ಪೆಟ್ಟಿಗೆಯನ್ನು ಲಿಫ್ಟಿನವರೆಗೆ ನಾನೇ ಹೊತ್ತೆ. ಅಲ್ಲಿ ನಿಂತು ಕೇಳಿದರು: “ನಾನು ಎಸೆಯದಿದ್ದರೆ ನಾವು ಸೋಲುತ್ತಿದ್ದೆವು, ಅಲ್ಲವೇ?”

ಆ ಕೊನೆಯ ಚೆಂಡಿಗೆ ಎದುರು ತಂಡಕ್ಕೆ ಬೇಕಿದ್ದದ್ದು ಆರು ರನ್. ಚೆಂಡು ನೆಲಕ್ಕೆ ಬಿದ್ದು ಉರುಳತೊಡಗಿದಾಗಲೇ ನಾವು ಗೆದ್ದಾಗಿತ್ತು. ನಾನು ಕೂಗಿದ್ದು ಬರೀ ಅಭ್ಯಾಸಬಲದಿಂದ.

“ಹೌದು” ಎಂದೆ.

ಎದುರು ಫ್ಲ್ಯಾಟಿನಲ್ಲಿ ಈಗ ಬೇರೆ ಸಂಸಾರವಿದೆ. ನಾನು ಒಳ್ಳೆಯ ನೆರೆಯವರೊಬ್ಬರನ್ನು ಕಳೆದುಕೊಂಡೆ. ಅವರು ತೋಳು, ಕೆಲಸ ಎರಡನ್ನೂ ಕಳೆದುಕೊಂಡದ್ದು ನನ್ನಿಂದ. ನಮ್ಮ ಹುಡುಗರು ಆ ಎಸೆತವನ್ನು ಇಂದಿಗೂ ಕೊಂಡಾಡುತ್ತಾರೆ. ಹೊಸ ವರ್ಷಕ್ಕೊಮ್ಮೆ ಕೋಚ್ ಅವರಿಂದ ಮೆಸೇಜು ಬರುತ್ತದೆ. ಅದರ ಕೊನೆಗೆ ಪ್ರತಿ ಸಲವೂ ಒಂದೇ ಸಾಲು: “ಅಂದು ಗೆಲ್ಲಿಸಿದೆನಲ್ಲ, ನನಗಷ್ಟು ಸಾಕು.” ನಾನು ಇನ್ನೂ ಒಂದಕ್ಕೂ ಉತ್ತರ ಬರೆದಿಲ್ಲ.