ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟ ಸಿ.ಡಿ.ಗಳು

ಮಕ್ಕಳೇ, ಪುಕ್ಕಟೆ ಎಂದು ಯಾರಾದರೂ ಬಾಗಿಲಿಗೆ ಬಂದರೆ ನಾನು ಮೊದಲು ಅವರ ಕೈಚೀಲ ನೋಡುತ್ತಿದ್ದೆ. ಪದ್ಮನಾಭನಗರದ ನಮ್ಮ ಮನೆಗೆ ಒಮ್ಮೆ ಪಾತ್ರೆ ತೊಳೆಯುವ ಪುಡಿಯನ್ನು ಪುಕ್ಕಟೆ ಕೊಟ್ಟುಹೋದವರು, ಮಾರನೆಯ ವಾರ ಬಂದು ಕುಕ್ಕರ್ ಕೊಳ್ಳುವ ತನಕ ಕುರ್ಚಿ ಬಿಟ್ಟು ಏಳಲಿಲ್ಲ. ಎದ್ದು ಹೋಗಿ ಎನ್ನಲು ನನಗೆ ಬಾಯಿ ಬರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಿಮ್ಮಜ್ಜ ತೀರಿಕೊಂಡ ಮೇಲೆ ಮಹಡಿಯ ಕೋಣೆಯನ್ನು ಧಾರವಾಡದ ಕಡೆಯ ಹುಡುಗಿಯೊಬ್ಬಳಿಗೆ ಬಾಡಿಗೆಗೆ ಕೊಟ್ಟಿದ್ದೆವು. ಕೆಳಗೆ ನಡುಮನೆಯಲ್ಲಿ ನಿಮ್ಮಮ್ಮ ಒಂದು ಹಳೆಯ ಕಂಪ್ಯೂಟರಿನಲ್ಲಿ ಟ್ಯೂಷನ್ ಸೆಂಟರಿಗೆ ಗಣಿತದ ಪ್ರಶ್ನೆಪತ್ರಿಕೆ ಸಿದ್ಧಮಾಡಿ ಕೊಡುತ್ತಿದ್ದಳು. ಪರೀಕ್ಷೆಗೆ ಮೊದಲು ಅದು ಯಾರ ಕಣ್ಣಿಗೂ ಬೀಳಬಾರದು. ಬಿದ್ದರೆ ಅವಳ ಕೆಲಸ ಅಲ್ಲಿಗೇ ಮುಗಿಯಿತು.

ಆ ಕಂಪ್ಯೂಟರಿಗೆ ವಾರಕ್ಕೊಂದು ವೈರಸ್. ಒಂದು ಸಂಜೆ ನಿಮ್ಮಮ್ಮ ತಲೆ ಹಿಡಿದು ಕೂತಿದ್ದಾಗ ಮಹಡಿಯ ಹುಡುಗಿ ಇಣುಕಿದಳು.

"ಅಕ್ಕಾರ, ಇದನ್ನ ತಗದು ಲಿನಕ್ಸ್ ಹಾಕ್ಕೋರಿ. ಕಂಪ್ಯೂಟರ್ ನಡಸೋ ಸಾಫ್ಟ್‌ವೇರ್ ರೀ. ಪುಕ್ಕಟ ಐತಿ."

"ಎಷ್ಟು ದಿನ ಪುಕ್ಕಟೆ?" ಅಡುಗೆಮನೆಯಿಂದ ನಾನೇ ಕೇಳಿಬಿಟ್ಟೆ.

"ಯಾವಾಗ್ಲೂ ರೀ ಅಮ್ಮಾರ."

"ನಿಂಗೇನಮ್ಮ ಸಿಗುತ್ತೆ ಇದ್ರಿಂದ?"

"ಏನೂ ಇಲ್ರಿ. ನಾಕು ಮಂದಿ ಬಳಸಿದ್ರ ಖುಷಿ, ಅಷ್ಟ."

ಭಾನುವಾರ ಭಾನುವಾರ ಅವಳು ಜಯನಗರದ ಪಾರ್ಕೊಂದರ ಮುಂದೆ ಮೇಜು ಹಾಕಿಕೊಂಡು ಇದನ್ನೇ ಸಿ.ಡಿ. ಮಾಡಿ ಕಂಡಕಂಡವರಿಗೆ ಹಂಚುತ್ತಾಳೆಂದು ಆಗ ತಿಳಿಯಿತು. ವಾರವಿಡೀ ಕಚೇರಿಯಲ್ಲಿ ದುಡಿಯುವ ಹುಡುಗಿ ಇದ್ದೊಂದು ರಜೆಯನ್ನು ಬಿಸಿಲಿಗೆ ಕೊಡುತ್ತಾಳೆಯೇ? ಇವಳ ಕಣ್ಣಿರುವುದು ಪ್ರಶ್ನೆಪತ್ರಿಕೆಯ ಮೇಲೆ ಎಂದುಕೊಂಡೆ. ನಿಮ್ಮಮ್ಮ ಮಾತ್ರ ಒಪ್ಪಿಬಿಟ್ಟಳು.

ಶನಿವಾರ ಹುಡುಗಿ ಒಂದು ಚೀಲ ಸಿ.ಡಿ. ಹಿಡಿದು ಕೆಳಗೆ ಬಂದಳು. ಅವಳ ಬೆನ್ನ ಹಿಂದೆಯೇ ಮಣೆ ಹಾಕಿಕೊಂಡು ಅವರೆಕಾಳು ಹಿಸುಕುತ್ತಾ ಕಾವಲು ಕೂತೆ.

"ಮೊದ್ಲ ನಿಮ್ಮ ಫೈಲೆಲ್ಲಾ ಎರಡು ಸಿ.ಡಿ.ಗೆ ಕಾಪಿ ಮಾಡಿ ಇಡೂಣ್ರಿ. ಹೊಸಾದು ಹಾಕಿದ್ರ ಇದ್ರಾಗಿಂದು ಅಳಿಸಿ ಹೋಗ್ತೈತಿ" ಎಂದಳು.

ಕಾಪಿ! ನನ್ನ ಕೈಯಲ್ಲಿದ್ದ ಕಾಳು ಚಿಮ್ಮಿ ಗೋಡೆಗೆ ಬಡಿಯಿತು. ಕಾಪಿ ಮುಗಿದು ನಿಮ್ಮಮ್ಮ ಅವಳನ್ನು ಕಾಫಿಗೆ ಒಳಗೆ ಕರೆದ ಹೊತ್ತಿಗೆ ಮೇಜಿನ ಮೇಲಿದ್ದ ಎರಡು ಸಿ.ಡಿ. ಎತ್ತಿಕೊಂಡು ಹೋಗಿ ಅಕ್ಕಿ ಡಬ್ಬದಲ್ಲಿ ಹೂತೆ. ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು, ನನಗೆ ಓದಲು ಬಾರದು. ಕೆಲಸ ಮುಗಿದ ಮೇಲೆ ಹುಡುಗಿ ಉಳಿದವನ್ನೆಲ್ಲ ಚೀಲಕ್ಕೆ ತುಂಬಿಕೊಂಡಳು. "ನಮ್ಮವನ್ನ ನಾನು ಎತ್ತಿಟ್ಟಿದೀನಿ" ಎಂದೆ. ನಿಮ್ಮಮ್ಮ ನೆಮ್ಮದಿಯಿಂದ ಮಲಗಿದಳು.

ಭಾನುವಾರ ಬೆಳಿಗ್ಗೆ ಅಕ್ಕಿ ಒರೆಸಿ ಸಿ.ಡಿ. ಹಾಕಿ ನೋಡಿದವಳ ಮುಖ ಬಿಳಿಚಿಕೊಂಡಿತು.

"ಅತ್ತೆ, ಇದು ನಮ್ದಲ್ಲ. ಅವಳು ಹಂಚೋ ಸಿ.ಡಿ.!"

ನಮ್ಮವೆರಡೂ ಅವಳ ಚೀಲ ಸೇರಿದ್ದವು. ಸೋಮವಾರವೇ ಪರೀಕ್ಷೆ. ಹುಡುಗಿ ಆಗಲೇ ಪಾರ್ಕಿಗೆ ಹೊರಟುಹೋಗಿದ್ದಳು, ಫೋನ್ ಮಾಡಿದರೂ ಎತ್ತಲಿಲ್ಲ. ನಿಮ್ಮಪ್ಪ ಪಾಳಿಗೆ ಹೋಗಿದ್ದ, ನೀವಿಬ್ಬರೂ ಜ್ವರದಲ್ಲಿ ಅಮ್ಮನ ಸೆರಗು ಬಿಡುತ್ತಿರಲಿಲ್ಲ. ನಾನೇ ಹೊರಟೆ. ಆ ಗಾಬರಿಯಲ್ಲೂ ಇನ್ನೊಬ್ಬರ ವಸ್ತುವನ್ನು ಬರಿದೇ ಹಿಂದಿರುಗಿಸಲು ಮನಸ್ಸು ಬರಲಿಲ್ಲ. ಅವಳ ಸಿ.ಡಿ.ಗಳನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು, ಮೇಲೆ ನಾಲ್ಕು ಕೋಡುಬಳೆ ಹಾಕಿಕೊಂಡು ಬಸ್ ಹತ್ತಿದೆ.

ಪಾರ್ಕಿನ ಮುಂದೆ ವಾಕಿಂಗ್ ಬಂದ ಹಿರಿಯರೊಬ್ಬರು ಅವಳ ಕೈಯಿಂದ ಸಿ.ಡಿ. ತೆಗೆದುಕೊಳ್ಳುತ್ತಿದ್ದರು. ಬೀದಿಯಲ್ಲಿ ಎಂದೂ ದನಿ ಎತ್ತದವಳು ಕೂಗಿಬಿಟ್ಟೆ: "ಕೊಡ್ಬೇಡ! ನಿಲ್ಸೇ!"

"ಏನಾತ್ರಿ ಅಮ್ಮಾರ?"

ಅಕ್ಕಿ ಡಬ್ಬದ ವಿಷಯವನ್ನೂ ಬಿಡದೆ ಹೇಳಬೇಕಾಯಿತು. ಅವಳು ಚೀಲವನ್ನೇ ಮೇಜಿನ ಮೇಲೆ ಸುರಿದಳು. ಒಂದು ಸಿಕ್ಕಿತು. ಇನ್ನೊಂದಿಲ್ಲ. ಬಗ್ಗಿ ಮೇಜಿನ ಕೆಳಗೂ ನೋಡಿದೆ. ಆಮೇಲೆ ಆ ಹಿರಿಯರ ಕೈಯಲ್ಲಿದ್ದುದನ್ನು ಇಸಿದುಕೊಂಡು ನೋಡಿದಳು. ಅದೇ!

"ನಾ ಕದೀತೀನಿ ಅಂತ ಹೆದರಿ ನೀವ ನನ್ನ ಕೈಯಾಗ ಕೊಟ್ಟು ಕಳಿಸೀರಲ್ರಿ!" ಎಂದು ನಕ್ಕಳು.

ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಆದರೂ ಎರಡರ ಮೇಲಿನ ಬರಹವನ್ನೂ ಎರಡೆರಡು ಸಲ ಓದಿಸಿಕೊಂಡೇ ಸೆರಗಿನಲ್ಲಿ ಕಟ್ಟಿಕೊಂಡೆ. ಡಬ್ಬಿ ಮುಂದಿಟ್ಟೆ.

"ಕೋಡಬಳಿ ಇರ್ಲಿ. ಸಿ.ಡಿ. ತಿರುಗಿ ತಗೊಳ್ಳಂಗಿಲ್ರಿ. ಬ್ಯಾರೆ ಯಾರಿಗರ ಕೊಡ್ರಿ."

ಆ ಹಿರಿಯರು ನನ್ನನ್ನೂ ಅನುಮಾನದಿಂದ ನೋಡಿದರು. "ನೀವೂ ಇವ್ರ ಕಡೆಯವರಾ ಅಮ್ಮಾ? ಈಗ ಫ್ರೀ ಅಂತಾರೆ, ಆಮೇಲೆ ಏನ್ ಕೇಳ್ತಾರೆ?"

"ಗೊತ್ತಿಲ್ಲ ಸಾರ್. ನಾನೂ ಅದನ್ನೇ ಕಾಯ್ತಾ ಇದೀನಿ. ಇನ್ನೂ ಏನೂ ಕೇಳಿಲ್ಲ" ಎಂದು ಡಬ್ಬಿಯಲ್ಲಿದ್ದ ಅವಳ ಸಿ.ಡಿ.ಯೊಂದನ್ನು ಅವರಿಗೆ ಕೊಟ್ಟೆ. ತೆಗೆದುಕೊಂಡರು, ಒಂದು ಕೋಡುಬಳೆಯನ್ನೂ.

ಸೋಮವಾರ ಪರೀಕ್ಷೆ ನಡೆಯಿತು, ಯಾರೂ ದೂರು ಹೇಳಲಿಲ್ಲ. ನಿಮ್ಮಮ್ಮನ ಕೆಲಸ ಉಳಿಯಿತು. ಆದರೂ ತಿಂಗಳೊಪ್ಪತ್ತು ಗೇಟು ಸದ್ದಾದಾಗಲೆಲ್ಲ ನಾನು ಕಿಟಕಿಯಿಂದ ಆ ಹುಡುಗಿಯ ಚೀಲ ನೋಡುತ್ತಿದ್ದೆ. ಅವಳಿಗೂ ಗೊತ್ತಾಗಿತ್ತು. ಒಂದು ಸಂಜೆ ಕಿಟಕಿಯ ಹತ್ತಿರವೇ ಬಂದು ಚೀಲ ಅಗಲಿಸಿ ಹಿಡಿದಳು.

"ನೋಡ್ಕೋರಿ ಅಮ್ಮಾರ, ಇವತ್ತು ಬರೇ ಬದನಿಕಾಯಿ."