ಕಾರಿಗೊಂದು ಕಂಬಳಿ ಡಬ್ಬಿ

ಗೊರ್ರೋ ಎಂದು ನಮ್ಮ ಕಾರು ಗಾಳಿ ಎಳೆದುಕೊಳ್ಳುತ್ತಿದ್ದ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಎಪ್ಪತ್ತರ ದಶಕದ ರಾಯಚೂರಿನಲ್ಲಿ ಅದು ಆಗಲೇ ಮುದಿ ಕಾರು. ಮಾವನವರು ತಮ್ಮ ಯೌವನದಲ್ಲಿ ಕೊಂಡದ್ದು. ‘ಸೈಲೆನ್ಸ್ ಪ್ಲೀಸ್’ ಕೇಳಿಯೇ ಬೆಳೆದ ಕಾನ್ವೆಂಟ್ ಹುಡುಗಿ ನಾನು, ಅದರಲ್ಲಿ ಕೂರಲು ನಾಚುತ್ತಿದ್ದೆ. ಆದರೂ ಒಂದು ಕನ್ಫೆಶನ್: ಆ ಗದ್ದಲದಿಂದ ನನಗೆ ಲಾಭವೂ ಇತ್ತು. ಹಿಂದಿನ ಸೀಟಿನಲ್ಲಿ ಅತ್ತೆ ಕೂತಿರುವಾಗಲೇ ಮುಂದಿನ ಸೀಟಿನಲ್ಲಿ ಅವರನ್ನು ಬಾಯ್ತುಂಬ ಬೈದುಕೊಳ್ಳಬಹುದಿತ್ತು. ಮನೆಯಲ್ಲಿ ನುಂಗಿದ್ದೆಲ್ಲ ಮಾನ್ವಿ ರಸ್ತೆಯಲ್ಲಿ ಹೊರಬರುತ್ತಿತ್ತು.

ಕಾರು ಓಡಿಸುತ್ತಿದ್ದ ನಮ್ಮವರಿಗೆ ಮಾತ್ರ ಆ ಸದ್ದು ಸೇರದು. ಗ್ಯಾರೇಜಿನ ಖಾಜಾ ಮಿಸ್ತ್ರಿಯನ್ನು ಕರೆಸಿದರು. ‘ಸೈಲೆನ್ಸರ್ ಇದೆಯಲ್ಲ?’ ಎಂದೆ.

‘ಅದು ಹೊಗಿ ಬಿಡೋ ಕಡಿ ರೀ ಅಮ್ಮಾರ. ಇದು ಉಸಿರು ಎಳಕೊಳ್ಳೋ ಕಡಿ. ಗಾಡಿ ಗೊರಕಿ ಹೊಡ್ಯಾಕತ್ತದ!’

ಮೊದಮೊದಲು ಕಾರು ಕಟ್ಟಿದವರ ಪಾಡೂ ಇದೇ ಅಂತೆ. ಹೊಗೆ ಕೊಳವೆಯ ಸದ್ದಡಗಿಸಿದ ಮೇಲೆಯೇ ಅದರ ಮರೆಯಲ್ಲಿದ್ದ ಗಾಳಿಯ ಸದ್ದು ಕೇಳಿಸಿತಂತೆ. ಒಂದು ಗದ್ದಲ ಮಲಗಿದರೆ ಅದರ ಹಿಂದಿನದು ಏಳುತ್ತದೆ. ಆಗ ನನಗೆ ಈ ಫಿಲಾಸಫಿ ಹೊಳೆಯಲಿಲ್ಲ.

ಮಿಸ್ತ್ರಿ ಒಂದು ತಗಡಿನ ಡಬ್ಬಿ ಮಾಡಿದ. ದೇವದುರ್ಗದ ಸಂತೆಯಿಂದ ತಂದಿದ್ದ ನಮ್ಮ ಹಳೆಯ ಕುರಿಗಂಬಳಿಯನ್ನು ಕತ್ತರಿಸಿ ಒಳಗೆಲ್ಲ ಹೊದಿಸಿದ. ಉದ್ದನೆಯ ಪೈಪಿನಿಂದ ಅದನ್ನು ಗಾಳಿ ಎಳೆದುಕೊಳ್ಳುವ ಕಾರ್ಬುರೇಟರಿನ ಬಾಯಿಗೆ ಜೋಡಿಸಿದ. ಕಾರು ಬೆಕ್ಕಿನಂತೆ ಮೆತ್ತಗಾಯಿತು.

ಮರುದಿನ ಮೂವರೂ ಮಾನ್ವಿಗೆ, ನಾದಿನಿಯ ಮನೆಗೆ ಹೊರಟೆವು. ಊರು ದಾಟಿದೊಡನೆ ಹಳೆಯ ಹ್ಯಾಬಿಟ್ಟಿನಂತೆ ನಾನು, ‘ಈ ಲೇಡಿಯ ಬಾಯಿಗೂ ಒಂದು ಸೈಲೆನ್ಸರ್ ಹಾಕಿಸಬೇಕು’ ಅಂದೆ. ಅದೇ ಕ್ಷಣ ಹಿಂದಿನಿಂದ ಅತ್ತೆಯ ದನಿ: ‘ರೊಟ್ಟಿ ಬಡ್ಯಾಕ ಬರಂಗಿಲ್ಲ, ಮಾರಿ ಮಾತ್ರ ಉಬ್ಬಿದ ರೊಟ್ಟಿ ಆಗ್ಯಾದ!’

ಅಂದರೆ, ಇಷ್ಟು ದಿನ ಅವರೂ ನನ್ನನ್ನು!

ನಮ್ಮವರು ರಸ್ತೆಯನ್ನು ಅಷ್ಟು ಶ್ರದ್ಧೆಯಿಂದ ನೋಡಿದ್ದು ನಾನು ಕಂಡಿರಲಿಲ್ಲ. ಕೊನೆಗೆ ಅತ್ತೆ ಮಗನ ಹೆಗಲು ತಟ್ಟಿದರು. ‘ಯಪ್ಪಾ, ಆ ಡಬ್ಬಿ ತಗಸಿಬಿಡು. ನಾವಿಬ್ರೂ ಒಂದ ಮನ್ಯಾಗ ಬಾಳೇವು ಮಾಡಬೇಕಲ್ಲ.’

ಅವರ ಮಾತಿಗೆ ನಾನು ಒಪ್ಪಿದ್ದು ಅದೇ ಮೊದಲು.

ಡಬ್ಬಿ ಹೋಯಿತು. ಆಮೇಲೆ ಹತ್ತು ವರ್ಷ ನಾವಿಬ್ಬರೂ ಗದ್ದಲದ ಮರೆಯಲ್ಲಿ ನೆಮ್ಮದಿಯಾಗಿ ಬೈದುಕೊಂಡೆವು. ಮನೆಯಲ್ಲಿ ಜಗಳವೇ ಇರಲಿಲ್ಲ. ಕೊನೆಯ ಸಲ ಅವರನ್ನು ಮಾನ್ವಿಯಲ್ಲಿ ಬಿಟ್ಟು ಹೊರಟಾಗ, ಅತ್ತೆ ನನ್ನ ಕಿಟಕಿಗೆ ಬಗ್ಗಿ ಏನೋ ಹೇಳಿದರು. ಅಷ್ಟರಲ್ಲಿ ನಮ್ಮವರು ಆಕ್ಸಿಲರೇಟರ್ ಒತ್ತಿದ್ದರು. ತುಟಿ ಆಡಿದ್ದಷ್ಟೇ ಕಂಡಿತು. ನಾನೂ ಏನೋ ಅಂದೆ. ಆ ಸಲ ಅದು ಬೈಗುಳವಾಗಿರಲಿಲ್ಲ. ಅವರಿಗೂ ಕೇಳಿಸಿರಲಾರದು. ಕೇಳಿಸಿದವರಂತೆ ತಲೆಯಾಡಿಸುತ್ತ ಅಲ್ಲೇ ನಿಂತಿದ್ದರು.